ಹಸಿರು ಬಾಗಿಲಿನ ಚೌಕಟ್ಟು

ನಾನು ದೆವ್ವ ಭೂತ ನಂಬುವವಳಲ್ಲ. ಹಳೇ ಮನೆ ಕೊಂಡು, ಒಡೆಸಿ, ಚೆಂದ ಮಾಡಿ ಮಾರುವುದು ನನ್ನ ಕಸುಬು. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಕೊಂಡಿದ್ದ ಮನೆಯ ಮುಂಬಾಗಿಲು ತೀರಾ ಗಿಡ್ಡ, ತಲೆ ಬಗ್ಗಿಸದೆ ಒಳಗೆ ಹೋಗುವಂತಿರಲಿಲ್ಲ. ಅಂಥ ಮನೆಯನ್ನು ಯಾರು ಕೊಳ್ಳುತ್ತಾರೆ? ಬಜೆಟ್ ಬೇರೆ ಮೀರಿತ್ತು. ಆ ಹಸಿರು ಬಣ್ಣದ ತೇಗದ ಬಾಗಿಲನ್ನು ಚೌಕಟ್ಟಿನ ಸಮೇತ ಭದ್ರಾವತಿಯ ಹಳೇ ಮರದ ವ್ಯಾಪಾರಿ ಮೂರ್ತಪ್ಪನಿಗೆ ಮಾರಿದರೆ ಒಡೆಯುವ ಕೂಲಿಯಾದರೂ ಹುಟ್ಟುತ್ತದೆ ಎಂದುಕೊಂಡೆ.

"ಹೊಸ್ತಿಲಿಗೆ ಒಂದು ಕಾಯಿ ಒಡೆದುಬಿಡಿ ಮೇಡಂ, ಆಮೇಲೆ ಕೀಳ್ತೀವಿ," ಎಂದ ಮೇಸ್ತ್ರಿ ಮುಸ್ತಕೀಮ್.

"ಯಾರದೋ ಹೊಸ್ತಿಲಿಗೆ ನಾನ್ಯಾಕೆ ಪೂಜೆ ಮಾಡ್ಲಿ? ಕೀಳು ಮಾರಾಯ!" ಎಂದು ರೇಗಿದೆ.

ಕಿತ್ತರು. ಮೇಲಿನ ಗೋಡೆಯನ್ನೂ ಸೂರಿನವರೆಗೆ ಒಡೆದರು. ಬಾಗಿಲು ಲಗೇಜ್ ಆಟೋ ಏರಿ ಹೋಯಿತು. ಆಮೇಲೂ ಕೆಲಸದವರೆಲ್ಲ ಬಾಗಿಲಿದ್ದ ಆ ಖಾಲಿ ಜಾಗದಲ್ಲಿ ಬಗ್ಗಿಯೇ ಓಡಾಡುತ್ತಿದ್ದರು. ಅಭ್ಯಾಸಬಲ ಎಂದು ನಕ್ಕೆ. ನೋಡಿದರೆ ನಾನೂ ಬಗ್ಗುತ್ತಿದ್ದೆ.

ಮಟಮಟ ಮಧ್ಯಾಹ್ನ ಮುಸ್ತಕೀಮ್ ಊಟಕ್ಕೆಂದು ಬಗ್ಗದೆ, ನೆಟ್ಟಗೆ ಆ ಜಾಗ ದಾಟಹೊರಟ. ಮರಕ್ಕೆ ತಲೆ ಬಡಿದ ಸದ್ದಾಯಿತು. ಅವನು ಹಿಂದಕ್ಕೆ ಬಿದ್ದ. ಅವನೆದುರು ಏನೂ ಇರಲಿಲ್ಲ, ಬರೀ ಬಿಸಿಲು. ಹಣೆ ಒಡೆದು ರಕ್ತ ಸುರಿಯುತ್ತಿತ್ತು. ಗಾಯದೊಳಗಿಂದ ಒಂದು ಮರದ ಸಿಬಿರನ್ನು ನಾನೇ ಎಳೆದೆ. ಅದರ ತುದಿಯಲ್ಲಿ ಹಸಿರು ಬಣ್ಣವಿತ್ತು.

ಅಷ್ಟರಲ್ಲಿ ಭದ್ರಾವತಿಯಿಂದ ಮೂರ್ತಪ್ಪನ ಫೋನು ಬಂತು.

"ಬಾಗಿಲು ತಲುಪ್ತು ಮೇಡಂ. ಇಳಿಸ್ವಾಗ ಚೊಕ್ಕವಾಗೇ ಇತ್ತು. ಈಗ ಚೌಕಟ್ಟಿನ ಮೇಲ್ಪಟ್ಟಿಯಿಂದ ರಕ್ತ ತೊಟ್ಟಿಕ್ತಾ ಇದೆ. ಏನು ಮಾರಿಬಿಟ್ರಿ ನಂಗೆ?"