ಟಿಲ್ಲಿ ಗಾಳಕ್ಕೆ ಬ್ರೆಡ್ಡು ಸಿಕ್ಕಿಸಿದ್ದು

"ಇದೇನಿದು, ಬ್ರೆಡ್ಡಾ?"

ಅಪ್ಪ ಟಿಲ್ಲಿಯ ಡಬ್ಬಿಯ ಮುಚ್ಚಳ ತೆಗೆದವನು ಹಾಗೇ ಕೈಯಲ್ಲಿ ಹಿಡಿದು ನಿಂತುಬಿಟ್ಟ.

"ಹೂಂ, ಬ್ರೆಡ್ಡೇ."

"ಹುಳು ಎಲ್ಲಿ? ನಿಮ್ಮಮ್ಮನ ಹತ್ರ ಬೈಸ್ಕೊಂಡು ವಾರ ಪೂರ್ತಿ ಫ್ರಿಜ್‌ನಲ್ಲಿ ಇಟ್ಟು ಕಾಪಾಡಿದ್ನಲ್ಲ, ಅವು ಎಲ್ಲಿ?"

"ಅಲ್ಲೇ ಇವೆ. ಬೆಣ್ಣೆ ಡಬ್ಬಿ ಪಕ್ಕ."

ಅಪ್ಪನ ಕಿವಿ ಕೆಂಪಾಯಿತು. ಮೀನು ಹಿಡಿಯುವ ಕ್ಲಬ್ಬಿನ ಮಕ್ಕಳ ಟೀಮಿನ ಕೋಚ್ ಗ್ಯಾರೆತ್ ಹ್ಯಾಕೆಟ್‌ಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಕಿವಿಯಲ್ಲೇ. ಕಾಲುವೆಯ ದಡದುದ್ದಕ್ಕೂ ಮಕ್ಕಳು ತಮ್ಮ ತಮ್ಮ ನಂಬರಿನ ಜಾಗದಲ್ಲಿ ಪೆಟ್ಟಿಗೆ ಹಾಕಿಕೊಂಡು ಕುಳಿತಿದ್ದರು. ಇನ್ನೇನು ಪಂದ್ಯದ ಸೀಟಿ ಊದುವ ಹೊತ್ತು. ಮನೆಗೆ ಹೋಗಿ ಹುಳು ತರಲು ಸಮಯವಿರಲಿಲ್ಲ. ಟಿಲ್ಲಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಡಬ್ಬಿಯನ್ನು ಇಷ್ಟು ಹೊತ್ತು ಮುಚ್ಚಿಟ್ಟಿದ್ದಳು.

"ಬ್ರೆಡ್ಡು ಬಾತುಕೋಳಿಗೆ ಹಾಕೋದು, ಟಿಲ್ಲಿ."

"ಬೋಟ್ ಹೋದ್ಮೇಲೆ ನೀರು ರಾಡಿ ಆಗತ್ತಲ್ಲಪ್ಪಾ? ಆಗ ಮೀನಿಗೆ ಹುಳು ಕಾಣಲ್ಲ. ಬ್ರೆಡ್ಡು ಬೆಳ್ಳಗಿರತ್ತೆ, ಕಾಣತ್ತೆ. ನಾನು ನೋಡಿದೀನಿ. ಅವತ್ತು ನನ್ನ ಸ್ಯಾಂಡ್‌ವಿಚ್ ಚೂರು ಬಿದ್ದಾಗ..."

"ನಾನು ಈ ಕಾಲುವೇಲಿ ನಿನ್ನ ವಯಸ್ಸಿಂದ ಗಾಳ ಹಾಕ್ತಿದೀನಿ."

"ನೀನು ಹಾಕೋದು ಚಳಿಗಾಲದಲ್ಲಿ, ಬೆಳಗಿನ ಜಾವ. ಆಗ ಬೋಟೇ ಇರಲ್ಲ. ಇವತ್ತು ಶನಿವಾರ, ಬೋಟು ಬಂದೇ ಬರತ್ತೆ."

ಅಪ್ಪ ಮುಚ್ಚಳವನ್ನು ಟಪ್ಪೆಂದು ಹಾಕಿದ. "ಸರಿ. ಗೆದ್ದೋರು ತಾವಾಗೇ ಟೀಮಿಗೆ ಬರ್ತಾರೆ. ಉಳಿದ ಮೂವರನ್ನ ಆರಿಸೋನು ನಾನು. ನನ್ನ ಟೀಮು ನಾನು ಹೇಳಿದ ಹಾಗೆ ಹಿಡಿಯತ್ತೆ. ಮಗಳು ಅಂತ ನೋಡಲ್ಲ, ಈಗಲೇ ಹೇಳಿರ್ತೀನಿ."

"ನೋಡಬೇಡ," ಅಂದಳು ಟಿಲ್ಲಿ.

ಹೇಳುವುದೇನೋ ಹೇಳಿಬಿಟ್ಟಳು. ಆದರೆ ಕ್ಲಬ್ಬಿನ ಮಕ್ಕಳ ಟೀಮಿನ ಹಸಿರು ಜರ್ಸಿ ಅವಳಿಗೆ ಬೇಕೇಬೇಕಿತ್ತು. ಹುಟ್ಟುಹಬ್ಬಕ್ಕೆ ಸೈಕಲ್ ಕೂಡ ಬೇಡ ಅಂದಿದ್ದಳು, ಆ ಜರ್ಸಿಯ ಮೇಲೆ ಅಷ್ಟು ಆಸೆ. ಹುಳು ಸಿಕ್ಕಿಸಿ ಸುಮ್ಮನೆ ಕುಳಿತಿದ್ದರೆ ಅದು ಸಿಕ್ಕೇ ಸಿಗುತ್ತಿತ್ತು.

ಸೀಟಿ ಊದಿದರು. ಇನ್ನು ದೊಡ್ಡವರು ದಡದ ಹಿಂದಿನ ಕಾಲುದಾರಿಯಿಂದ ಈಚೆ ಬರುವಂತಿಲ್ಲ, ಬಾಯಿ ಬಿಡುವಂತಿಲ್ಲ. "ನಾನು ಇದನ್ನ ನೋಡಲ್ಲ," ಎಂದು ಗೊಣಗಿ ಅಪ್ಪ ಸೇತುವೆಯ ಕಡೆ ಹೊರಟುಹೋದ.

ದಡದುದ್ದಕ್ಕೂ ದಬದಬ ಸದ್ದು. ಎಲ್ಲರೂ ಮೇವಿನ ಉಂಡೆ ಕಟ್ಟಿ ಆಚೆ ದಡದ ಪೊದೆಯ ಬುಡಕ್ಕೆ ಎಸೆಯುತ್ತಿದ್ದರು. ದೊಡ್ಡ ಬ್ರೀಮ್ ಮೀನು ಇರುವುದು ಅಲ್ಲಿ. ಟಿಲ್ಲಿ ಉಂಡೆ ಎಸೆಯಲಿಲ್ಲ. ಬ್ರೆಡ್ಡಿನ ಪುಡಿಯನ್ನು ಚಿಟಿಕೆಯಷ್ಟು ತೆಗೆದು, ಕಾಲುವೆಯ ನಡುವೆ ಉಪ್ಪು ಉದುರಿಸಿದ ಹಾಗೆ ಉದುರಿಸಿದಳು. ಆಮೇಲೆ ಬ್ರೆಡ್ಡಿನ ಸಣ್ಣ ಗುಳಿಗೆಯೊಂದನ್ನು ಒತ್ತಿ ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟಳು. ದಾರಕ್ಕೆ ಕಟ್ಟಿದ ಬೆಂಡು ಮೇಲೆ ತೇಲಿತು.

ಪಕ್ಕದ ಜಾಗದಿಂದ ರೋರಿ ಕಿಸಕ್ಕೆಂದ. ಅವನು ಟಿಲ್ಲಿಯ ಕ್ಲಾಸಿನವನೇ. ಬಾಯಿಗೆ ಬೀಗ ಇಲ್ಲದ ಹುಡುಗ.

"ಏ ಟಿಲ್ಲಿ, ಟೋಸ್ಟ್ ಮಾಡ್ತೀಯಾ? ಜ್ಯಾಮ್ ಬೇಕಾ?"

"ನಿನ್ನ ಬೆಂಡು ನೋಡ್ಕೊ."

"ಮೀನು ಬಂದು 'ಟೀ ಎಲ್ಲಿ' ಅಂತ ಕೇಳಿದ್ರೆ ಏನ್ಮಾಡ್ತೀಯಾ?"

ಟಿಲ್ಲಿ ನೀರಿನಿಂದ ಕಣ್ಣು ತೆಗೆಯಲಿಲ್ಲ. ಆದರೆ ಬೆಂಡು ಅಲ್ಲಾಡಲೂ ಇಲ್ಲ. ನೀರು ಗಾಜಿನಂತೆ ತಿಳಿಯಾಗಿತ್ತು. ಬೋಟಿನ ಸುಳಿವಿರಲಿಲ್ಲ. ಅತ್ತ ರೋರಿಯ ಗಾಳದ ಕೋಲು ಬಾಗಿತು. ತಟ್ಟೆಯಷ್ಟು ಅಗಲದ ಬ್ರೀಮ್ ಒಂದು ಅವನ ಬಲೆಚೀಲಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು.

'ಎಲ್ಲಾ ಶನಿವಾರ ಬರೋ ಬೋಟು ಇವತ್ತೇ ಯಾಕೆ ಬರಲಿಲ್ಲ?' ಟಿಲ್ಲಿಗೆ ಅಳು ಬರುವ ಹಾಗಾಯಿತು. ಅತ್ತರೆ ರೋರಿ ಊರಿಗೆಲ್ಲ ಡಂಗುರ ಸಾರುತ್ತಾನೆ. ಅದಕ್ಕೇ ಅಳಲಿಲ್ಲ. ಇನ್ನೊಂದು ಚಿಟಿಕೆ ಪುಡಿ ಉದುರಿಸಿ, ಹಟ ಹಿಡಿದು ಕುಳಿತಳು.

ಆಗ ಸೇತುವೆಯ ಕೆಳಗಿನಿಂದ ಟುಕುಟುಕು ಸದ್ದು ಕೇಳಿಸಿತು.

ಕೆಂಪು ಬಣ್ಣದ ಉದ್ದನೆಯ ಬೋಟು. ಮೇಲೆ ನಾಯಿಯೊಂದು ಕುಳಿತಿತ್ತು. ಎಲ್ಲರೂ ಗೊಣಗುತ್ತಾ ಕೋಲು ಎತ್ತಿ ಹಿಡಿದರು. ಬೋಟು ತನ್ನ ಪಾಡಿಗೆ ತಾನು ಹೋಯಿತು. ತಳದ ಕೆಸರೆಲ್ಲ ಮೇಲೆದ್ದು ಕಾಲುವೆ ಹಾಲು ಹಾಕಿದ ಟೀಯ ಹಾಗಾಯಿತು.

ಟಿಲ್ಲಿ ಬೆಂಡನ್ನು ದಾರದ ಮೇಲೆ ಒಂದು ಗೇಣು ಕೆಳಕ್ಕೆ ಸರಿಸಿದಳು. ಈಗ ಗಾಳ ತಳ ಮುಟ್ಟದೆ ನೀರಿನ ನಡುವೆಯೇ ನಿಲ್ಲುತ್ತಿತ್ತು. ಹೊಸ ಗುಳಿಗೆ ಸಿಕ್ಕಿಸಿ ಹಾಕಿದಳು.

ಬೆಂಡು ಕುಣಿಯಿತು. ಮುಳುಗಿತು.

ಬೆಳ್ಳಿ ಮೈ, ಕೆಂಪು ರೆಕ್ಕೆಯ ರೋಚ್ ಮೀನು! ಅಂಗೈಗಿಂತ ದೊಡ್ಡದಿರಲಿಲ್ಲ, ಆದರೂ ಮೀನು ಮೀನೇ. ಬಿಡಿಸಿ ಚೀಲಕ್ಕೆ ಹಾಕಿ, ಮತ್ತೆ ಹಾಕಿದಳು. ಮತ್ತೊಂದು. ಆಮೇಲೆ ಒಂದರ ಹಿಂದೆ ಒಂದು. ಟಿಲ್ಲಿಯ ಕೈಗೆ ಪುರುಸೊತ್ತಿಲ್ಲ. ನೀರು ಇನ್ನೇನು ತಿಳಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಬೋಟು, ಅದರ ಹಿಂದೆ ಮತ್ತೊಂದು. ದಡದವರೆಲ್ಲ ಶಾಪ ಹಾಕುತ್ತಿದ್ದರೆ ಟಿಲ್ಲಿ ಪ್ರತಿ ಬೋಟಿಗೂ ಕೈ ಬೀಸಿದಳು.

ರೋರಿ ಈಗ ಜ್ಯಾಮಿನ ಮಾತು ಮರೆತು ತನ್ನ ಬೆಂಡನ್ನೇ ನೋಡುತ್ತಿದ್ದ.

ಎಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ಹಂಸ ಬಂತು. ಕತ್ತು ನೆಟ್ಟಗೆ ಮಾಡಿಕೊಂಡು, ಕಾಲುವೆ ತನ್ನದೇ ಎಂಬಂತೆ ಬಂದು ಟಿಲ್ಲಿಯ ಬೆಂಡಿನ ಮೇಲೇ ನಿಂತಿತು. ದಾರ ಅದರ ಕಾಲಿಗೆ ಸುತ್ತಿಕೊಂಡರೆ ಕಷ್ಟ. ಟಿಲ್ಲಿ ಕೋಲು ಎತ್ತಿಬಿಟ್ಟಳು. ಬ್ರೆಡ್ಡಿನ ಡಬ್ಬಿ ಮುಚ್ಚಿ ಅದರ ಮೇಲೆ ಕುಳಿತಳು.

"ಹೋಗು. ಹೋಗೇ. ಏನೂ ಇಲ್ಲ ಇಲ್ಲಿ."

ಹಂಸಕ್ಕೆ ಗಡಿಬಿಡಿ ಏನೂ ಇರಲಿಲ್ಲ. ಅವಳನ್ನು ನೋಡಿತು. ರೆಕ್ಕೆ ಕೆದರಿಕೊಂಡಿತು. ಮತ್ತೆ ನೋಡಿತು. ಅದು ಬೇಸರಪಟ್ಟು ಹೊರಡುವ ಹೊತ್ತಿಗೆ ಪಂದ್ಯ ಮುಗಿಯುತ್ತ ಬಂದಿತ್ತು. ಟಿಲ್ಲಿ ಅವಸರದಲ್ಲಿ ಇನ್ನೂ ಎರಡು ರೋಚ್ ಹಿಡಿದಳು. ಮೂರನೆಯದು ಗಾಳ ಕಚ್ಚಿದ್ದೂ ಸೀಟಿ ಊದಿದ್ದೂ ಒಟ್ಟಿಗೇ. ಮೀನು ದಡದ ಹತ್ತಿರವೇ ಕಳಚಿಕೊಂಡು ಹೋಯಿತು.

ಕ್ಲಬ್ಬಿನ ಪಾರ್ಗೆಟರ್ ಅಜ್ಜಿ ತಕ್ಕಡಿ ಹಿಡಿದು ದಡದುದ್ದಕ್ಕೂ ತೂಗುತ್ತಾ ಬಂದರು. ತೂಗಿದ ಮೀನೆಲ್ಲ ಮತ್ತೆ ನೀರಿಗೆ. ಟಿಲ್ಲಿಯ ಚೀಲ ಎತ್ತಿದಾಗ ಒಳಗೆ ಬೆಳ್ಳಿಯ ರಾಶಿ ಪಟಪಟ ಅಂದಿತು.

"ಅಯ್ಯೋ ನನ್ನ ಪುಟ್ಟಿ, ಮೀನಂಗಡೀನೇ ತಂದಿದೀಯಲ್ಲೇ!" ಅಂದರು ಅಜ್ಜಿ.

ಆಮೇಲೆ ರೋರಿಯ ಚೀಲ ತೂಗಿದರು. ಮುಳ್ಳು ಒಂದು ಕೂದಲೆಳೆಯಷ್ಟು ಮುಂದೆ ಹೋಗಿ ನಿಂತಿತು. ಅಜ್ಜಿ ಕನ್ನಡಕ ಏರಿಸಿ ಎರಡನೆಯ ಸಲವೂ ನೋಡಿದರು. "ರೋರಿಗೆ ಮೊದಲನೇದು. ಟಿಲ್ಲಿಗೆ ಎರಡನೇದು. ಮಧ್ಯೆ ಇರೋದು ಒಂದು ಮರಿ ಮೀನಿನ ತೂಕ ಕಣ್ರೋ."

ರೋರಿ ಕುಣಿಯಲಿಲ್ಲ. "ಆ ಹಂಸ ಬರದಿದ್ರೆ ಗೋವಿಂದ ಆಗ್ತಿದ್ದೆ," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿದ.

ಎಲ್ಲರೂ ಅಪ್ಪನ ಸುತ್ತ ನಿಂತರು. ಅಪ್ಪ ಗಂಟಲು ಸರಿಮಾಡಿಕೊಂಡ. ರೋರಿಯ ಹೆಸರು ಮೊದಲು ಹೇಳಿ, ಇನ್ನೆರಡು ಹೆಸರು ಹೇಳಿದ. ಒಂದು ಜಾಗ ಉಳಿಯಿತು. ಅವನ ಕಣ್ಣು ಟಿಲ್ಲಿಯ ಮೇಲೆ ಬಂದು ನಿಂತಿತು.

"ಟಿಲ್ಲಿ, ಮುಂದಿನ ಶನಿವಾರ ಟೀಮಿನ ಜೊತೆ ಹುಳು ಹಾಕ್ತೀಯಾ?"

ಒಂದೇ ಒಂದು 'ಹೂಂ' ಸಾಕಿತ್ತು. ಹಸಿರು ಜರ್ಸಿ ಅಪ್ಪನ ತೋಳಿನ ಮೇಲೇ ಇತ್ತು. ಟಿಲ್ಲಿ ಅದನ್ನು ನೋಡಿದಳು.

"ಬೋಟು ಬರದಿದ್ರೆ ಹುಳು," ಅಂದಳು. "ಬಂದ್ರೆ ಬ್ರೆಡ್ಡು."

"ನಾನು ಕೇಳಿದ್ದು ಅದಲ್ಲ."

"ನನ್ನ ಉತ್ತರ ಅದೇ."

ಯಾರೋ ಕೆಮ್ಮಿದರು. ಅಪ್ಪ ಬೇರೆ ಹುಡುಗನ ಹೆಸರು ಕರೆದ.

ಕಾರಿನಲ್ಲಿ ಟಿಲ್ಲಿ ಕಿಟಕಿಗೆ ಹಣೆ ಆನಿಸಿ ಕುಳಿತಳು. ದುಃಖವಾಗಿತ್ತು, ಸುಳ್ಳೇಕೆ ಹೇಳಬೇಕು. ಕಣ್ಣೀರು ಸದ್ದಿಲ್ಲದೆ ಇಳಿಯಿತು. ಆದರೆ 'ಹೂಂ' ಅನ್ನಬೇಕಿತ್ತು ಅಂತ ಒಂದು ಸಲವೂ ಅನ್ನಿಸಲಿಲ್ಲ. ಅದು ಅವಳಿಗೇ ಆಶ್ಚರ್ಯ.

ದೊಡ್ಡ ರಸ್ತೆಯ ಸಿಗ್ನಲ್ ಕೆಂಪಾಯಿತು. ಕಾರು ನಿಂತಿತು. ಅಪ್ಪ ಎದುರಿನ ಲಾರಿಯನ್ನೇ ನೋಡುತ್ತಾ ಬೆರಳಿಂದ ಸ್ಟೀರಿಂಗ್ ತಟ್ಟುತ್ತಿದ್ದ.

"ಮೊದಲನೇ ಬೋಟು ಹೋದ ತಕ್ಷಣ ಬೆಂಡು ಕೆಳಗೆ ಸರಿಸಿದೆಯಲ್ಲ," ಅಂದ ಮೆಲ್ಲಗೆ. "ಅದು ಯಾಕೆ?"

ಟಿಲ್ಲಿ ಕಿಟಕಿಯಿಂದ ಹಣೆ ತೆಗೆದಳು.

ನೋಡಲ್ಲ ಅಂದು ಹೋದವನು ಸೇತುವೆಯ ಮೇಲಿಂದ ಎಲ್ಲ ನೋಡಿದ್ದ. ಒಂದು ಗೇಣನ್ನೂ ಬಿಟ್ಟಿರಲಿಲ್ಲ. ಅವಳು ಅಪ್ಪನ ಮುಖ ನೋಡಿದಳು. ಕಿವಿ ಕೆಂಪಾಗಿರಲಿಲ್ಲ. ಮೀನಿನ ವಿಷಯದಲ್ಲಿ ಅಪ್ಪ ಅವಳಿಗೆ ಇದುವರೆಗೆ ಹೇಳಿದ್ದು ಅದೆಷ್ಟೋ. ಕೇಳಿದ್ದು ಇದೇ ಮೊದಲು.

ಸಿಗ್ನಲ್ ಹಸಿರಾಯಿತು. ಟಿಲ್ಲಿ ತೋಳಿನಿಂದ ಮೂಗು ಒರೆಸಿಕೊಂಡು ನೆಟ್ಟಗೆ ಕುಳಿತಳು.

"ಹೇಳ್ತೀನಿ," ಅಂದಳು. "ಆದ್ರೆ ಮುಗಿಯೋವರೆಗೆ ನೀನು ಮಧ್ಯೆ ಬಾಯಿ ಹಾಕಬಾರದು."