ಕಾರಣ ಕದ್ದ ಮಾಂತ್ರಿಕ

ಬಹಳ ಕಾಲದ ಹಿಂದೆ, ಕಡಲಂಚಿನಲ್ಲಿ ಕನಕಘಟ್ಟ ಎಂಬ ರಾಜ್ಯವಿತ್ತು. ಅಲ್ಲಿ ಒಂದು ಪದ್ಧತಿ. ಯಾರಿಗೇ ಶಿಕ್ಷೆಯಾಗಲಿ, ಅರಮನೆಯ ಹೆಬ್ಬಾಗಿಲಲ್ಲಿ ಊರವರೆದುರು ಮೊದಲು ಕಾರಣ ಹೇಳಬೇಕು, ಆಮೇಲೆ ಶಿಕ್ಷೆ. ಕಾರಣ ಒಪ್ಪಿಗೆಯಾಗದಿದ್ದರೆ ಊರವರು ಎದ್ದು ನಿಲ್ಲುತ್ತಿದ್ದರು, ಆಗ ಆ ಶಿಕ್ಷೆ ಕೊಟ್ಟವನ ಮೇಲೇ ತಿರುಗುತ್ತಿತ್ತು.

ಮಂತ್ರಿ ಕರಾಳಜಂಗನಿಗೆ ಇದನ್ನು ಕಂಡರಾಗದು. ಅವನು ಮಾಂತ್ರಿಕ ಬೇರೆ. 'ಏಕೆಂದರೆ', 'ಆದ್ದರಿಂದ' ಮುಂತಾದ ಕಾರಣದ ಮಾತುಗಳನ್ನೆಲ್ಲ ಜನರ ನಾಲಿಗೆಯಿಂದ ಕಿತ್ತು, ಸೋರೆಬುರುಡೆಯಲ್ಲಿ ತುಂಬಿ, ಕಪ್ಪುಗುಡ್ಡದ ತುದಿಯಲ್ಲಿಟ್ಟು ಮೃಗಗಳನ್ನು ಕಾವಲಿಗೆ ಬಿಟ್ಟ. ಆಮೇಲೆ ಹೆಬ್ಬಾಗಿಲಲ್ಲಿ ಬರೀ ಶಿಕ್ಷೆ ಕೇಳಿಸತೊಡಗಿತು. ರಾಜ ವೀರಕೇತು ಎಲ್ಲದಕ್ಕೂ ತಲೆಯಾಡಿಸುತ್ತ ಕೂತ. ಅಂಥವನನ್ನು ರಾಜ ಎನ್ನಲು ನನಗಂತೂ ನಾಚಿಕೆ!

ಒಂದು ಬೆಳಿಗ್ಗೆ ಡಂಗುರ ಸಾರಿದರು: "ದೋಣಿಯ ಮಲ್ಲಿದೇವ ಸಂಜೆಗೆ ಕಲ್ಲಾಗತಕ್ಕದ್ದು!"

ಅವನ ಅಕ್ಕ ಬೊಮ್ಮಕ್ಕನ ಮೈಯೆಲ್ಲ ಉರಿಯಿತು. ಹೆಬ್ಬಾಗಿಲಿಗೆ ಓಡಿ, "ಯಾಕೆ? ನನ್ನ ತಮ್ಮ ಏನು ಮಾಡಿದ?" ಎಂದು ಕೂಗಿದಳು. ಕಾವಲಿನವರು ಬಾಯಿ ತೆರೆದರು, ಮುಚ್ಚಿದರು. "ಥೂ, ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ!" ಎಂದು ಬೈದು ಅವಳು ಆ ಬುರುಡೆ ಒಡೆಯಲು ಕಪ್ಪುಗುಡ್ಡಕ್ಕೆ ನಡೆದಳು.

ಬೊಮ್ಮಕ್ಕನೂ ದೋಣಿ ನಡೆಸುವವಳು. ಹಡಗಿನಿಂದಿಳಿಯುವ ಇಂಗ್ಲಿಷಿನವರ ಜೊತೆ ಒದ್ದಾಡಿ ಅವರ ನಾಲ್ಕು ಮಾತು ಕಲಿತಿದ್ದಳು. ಗುಡ್ಡ ಹತ್ತುತ್ತ ಸಿಟ್ಟಿನಲ್ಲಿ ಗೊಣಗುವಾಗ 'ಬಿಕಾಸ್' ಎಂಬ ಮಾತು ಸಲೀಸಾಗಿ ಬಾಯಿಂದ ಬಂತು. ಅವಳು ಥಟ್ಟನೆ ನಿಂತಳು. ಮಾಂತ್ರಿಕ ನಾಡಿನ ಮಾತನ್ನು ಕಟ್ಟಿದ್ದ, ಹಡಗಿನವರ ಮಾತನ್ನು ಕಟ್ಟಿರಲಿಲ್ಲ.

ಮೊದಲ ತಿರುವಿನಲ್ಲಿ ಬೆಂಕಿಗಣ್ಣಿನ ಹುಲಿ ಅಡ್ಡ ಬಂತು. "ಯಾಕೆ ಬಂದೆ? ಕಾರಣ ಹೇಳು, ಇಲ್ಲವೇ ನನಗೆ ತುತ್ತಾಗು."

"ಬಂದೆ, ಬಿಕಾಸ್ ನನ್ನ ತಮ್ಮನನ್ನು ಕೊಲ್ಲುತ್ತಿದ್ದಾರೆ!"

ಹುಲಿ ದಾರಿ ಬಿಟ್ಟಿತು.

ಎರಡನೆಯ ತಿರುವಿನಲ್ಲಿ ಎರಡು ತಲೆಯ ಹಾವು ಹೆಡೆಯೆತ್ತಿತು. "ನಿನಗೆ ಯಾಕೆ ಹೆದರಿಕೆಯಿಲ್ಲ?"

"ಸಿಟ್ಟು ನೆತ್ತಿಗೇರಿದೆ, ಸೋ ಹೆದರಿಕೆಗೆ ಜಾಗವಿಲ್ಲ. ಸರಿ ಆಚೆ!"

ಹಾವು ಬಿಲ ಸೇರಿತು.

ತುದಿಯಲ್ಲಿ ಬುರುಡೆಗೆ ಒರಗಿ ಕಬ್ಬಿಣದ ಗೂಳಿ ಮಲಗಿತ್ತು. "ಇಷ್ಟು ವರ್ಷ ಯಾಕೆ ಬರಲಿಲ್ಲ?" ಎಂದಿತು.

"ಬಿಕಾಸ್... ಇಲ್ಲಿಯವರೆಗೆ ಕಲ್ಲಾದವರು ಬೇರೆಯವರ ತಮ್ಮಂದಿರು." ಹೇಳುವಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಗೂಳಿ ಮೆಲ್ಲಗೆ ಎದ್ದು ಪಕ್ಕಕ್ಕೆ ಸರಿಯಿತು. ಅವಳು ಬುರುಡೆಯನ್ನು ಬಂಡೆಗೆ ಅಪ್ಪಳಿಸಿದಳು. ಕಾರಣದ ಮಾತುಗಳೆಲ್ಲ ಹಾರಿ ಊರಿನ ನಾಲಿಗೆಗಳಿಗೆ ಮರಳಿದವು.

ಅವಳು ಓಡೋಡಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಹೆಬ್ಬಾಗಿಲಲ್ಲಿ ಕರಾಳಜಂಗ ಕೈಯೆತ್ತಿ, "ಮಲ್ಲಿದೇವ ಕಲ್ಲಾಗಲಿ!" ಎಂದ. ಅಷ್ಟಕ್ಕೇ ಅವನ ನಾಲಿಗೆ ನಿಲ್ಲಲಿಲ್ಲ, ಬಿಡುಗಡೆಯಾದ ಮಾತು ಅವನು ತಡೆದರೂ ಉಕ್ಕಿ ಬಂತು. "ಏಕೆಂದರೆ ಇವನು ನನ್ನನ್ನು ದಡದಲ್ಲಿ ಕಾಯಿಸಿ, ಹೆರಿಗೆ ನೋವಿನವಳನ್ನು ಮೊದಲು ದಾಟಿಸಿದ!"

ಊರಿಗೆ ಊರೇ ಕೆಂಡವಾಯಿತು. "ಇದೊಂದು ಕಾರಣವೇನೋ, ಪಾಪಿ!" ಎಂದು ಎಲ್ಲರೂ ಎದ್ದು ನಿಂತರು. ಊರು ಒಪ್ಪದ ಮಂತ್ರ ಹಾಕಿದವನ ಮೇಲೇ ಬಿತ್ತು. ಕರಾಳಜಂಗ ನಿಂತಲ್ಲೇ ಕಲ್ಲಾದ. ಹಿಂದೆ ಕಲ್ಲಾದವರೆಲ್ಲ ಮೈಕೊಡವಿ ಎದ್ದರು.

"ಭಲೇ ತಾಯಿ!" ಎಂದು ರಾಜ ಮುಂದೆ ಬಂದ.

ಬೊಮ್ಮಕ್ಕ ಕೈಮುಗಿಯಲಿಲ್ಲ. "ನೀವು ಯಾಕೆ ಸುಮ್ಮನೆ ಕೂತಿದ್ದಿರಿ, ಮಹಾಪ್ರಭು?"

ರಾಜನ ತಲೆ ಬಾಗಿತು. "ಏಕೆಂದರೆ... ಕಾರಣ ಹೇಳದೆ ಆಳುವುದು ನನಗೂ ಹಾಯಾಗಿತ್ತು."

"ಆದ್ದರಿಂದ ನಾಳೆಯಿಂದ ಇಲ್ಲಿ ನೀವೇ ನಿಂತು ಕಾರಣ ಹೇಳಿ. ನಾವು ಬಂದು ಕೇಳುತ್ತೇವೆ."

ರಾಜ ಒಪ್ಪಿದ, ಒಪ್ಪದೆ ಬೇರೆ ದಾರಿಯಿರಲಿಲ್ಲ. ಅಕ್ಕ ತಮ್ಮ ದೋಣಿಗೆ ಮರಳಿದರು. ಕನಕಘಟ್ಟದವರು ಕೇಳುತ್ತ, ಹೇಳುತ್ತ, ಬೇಕೆನಿಸಿದಾಗ ರಾಜನೊಡನೆ ಜಗಳವಾಡುತ್ತ ಬಹುಕಾಲ ಸುಖವಾಗಿದ್ದರು.