ಕೆಂಪಾಗದ ಸ್ಟಿಕರ್

2025ರ ನವೆಂಬರ್ 13, ಗುರುವಾರ, ಬೆಳಿಗ್ಗೆ 9.40. ಮೂಡಲಪಾಳ್ಯದ ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಶೋಭಾರಾಣಿಯ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂತಿತು. ತಂದವರು ಶುಭಾ, ವಿಜಯನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಪೆಟ್ಟಿಗೆಯ ತುಂಬ ಟೈಲ್ಸ್ ಚೂರು.

ಮೊಬೈಲಿನ ಬದಲು ಸೋಪು, ಲ್ಯಾಪ್‌ಟಾಪಿನ ಬದಲು ಇಟ್ಟಿಗೆ. ಇಂಥ ದೂರುಗಳು ತಿಂಗಳಿಗೆ ಎರಡಾದರೂ ಬರುತ್ತವೆ. ಶೋಭಾರಾಣಿ ಪೆನ್ನಿನ ಮುಚ್ಚಳ ತೆಗೆಯದೆಯೇ ಕೇಳಿದರು.

"ಏನಿತ್ತು ಇದರಲ್ಲಿ?"

"ಉಸಿರಾಟದ ಮೆಷಿನ್ ಮೇಡಂ, ನಮ್ಮನೆಯವರದ್ದು. ಮೈಸೂರಿಗೆ ರಿಪೇರಿಗೆ ಕಳ್ಸಿದ್ವಿ, ನಿನ್ನೆ ಪಾರ್ಸೆಲ್ ವಾಪಸ್ ಬಂತು, ಬಿಚ್ಚಿದ್ರೆ ಇದು. ಮೆಷಿನ್ನು, ಪೈಪು, ಅಡಾಪ್ಟರ್, ಆಮೇಲೆ ಬಿಚ್ಚಿ ತೆಗೆದ ಹಳೆ ಫ್ಯಾನು."

"ಹಳೇದು ಯಾಕೆ?"

"ನಿಜವಾಗ್ಲೂ ಹೊಸದು ಹಾಕಿದ್ರಾ ಅಂತ ಗೊತ್ತಾಗ್ಬೇಕಲ್ವಾ? ನಾನೇ ಕೇಳಿದ್ದೆ."

ಶೋಭಾರಾಣಿಗೆ ನಗು ಬಂತು. ಅವರ ತಾಯಿಯೂ ಮಿಕ್ಸಿ ರಿಪೇರಿಯವನಿಂದ ಸವೆದ ಬ್ರಷ್ಷನ್ನು ವಾಪಸ್ ಇಸಿದುಕೊಳ್ಳದೆ ಅಂಗಡಿ ಬಿಟ್ಟು ಕದಲಿದವರಲ್ಲ.

"ಈಗ ಅವರು ಹೇಗಿದಾರೆ?"

"ಒಂದು ಟ್ರಸ್ಟ್‌ನವರು ಎರವಲು ಮೆಷಿನ್ ಕೊಟ್ಟಿದಾರೆ. ಇವತ್ತು ರಾತ್ರಿ ಎಂಟಕ್ಕೆ ವಾಪಸ್ ಕೊಡ್ಬೇಕು. ಕೆಂಗೇರೀಲಿ ಇನ್ನೊಬ್ರು ಅದನ್ನೇ ನಂಬ್ಕೊಂಡು ಆಸ್ಪತ್ರೆಯಿಂದ ಮನೆಗೆ ಬರ್ತಾ ಇದಾರೆ. ಬಾಡಿಗೆಗೆ ಕೇಳಿದೆ, ಈ ಮಾಡೆಲ್ ಶನಿವಾರದವರೆಗೂ ಸಿಗಲ್ವಂತೆ."

"ಎಂಟಾದ ಮೇಲೆ?"

"ಆಸ್ಪತ್ರೆಗೆ ಸೇರಿಸ್ಬೇಕು. ಮತ್ತೆ ಬಂದ್ರೆ ಕುತ್ತಿಗೇಲಿ ತೂತು ಮಾಡಿ ಪೈಪ್ ಹಾಕ್ಬೇಕಾಗುತ್ತೆ ಅಂತ ಹೋದ ಸಲಾನೇ ಡಾಕ್ಟ್ರು ಹೇಳಿದಾರೆ. ಹಾಕಿದ್ರೆ ಮಾತು ನಿಂತು ಹೋಗುತ್ತೆ. ನರದ ಕಾಯಿಲೆ ಮೇಡಂ, ಕೈಕಾಲು ಆಗಲೇ ಹೋಗಿದೆ. ಸುಘೋಷ್‌ಗೆ ಉಳಿದಿರೋದು ಮಾತೊಂದೇ."

ಪೆನ್ನಿನ ಮುಚ್ಚಳ ತೆರೆಯಿತು. 10.05ಕ್ಕೆ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆ ಕಲಂ 316(3), ಸಾಗಣೆದಾರರಿಂದ ನಂಬಿಕೆ ದ್ರೋಹ.

ಹೆಡ್ ಕಾನ್‌ಸ್ಟೇಬಲ್ ಶಿವಯೋಗಿಯವರು ಪೆಟ್ಟಿಗೆಯನ್ನು ಮಗುವನ್ನು ತಿರುಗಿಸಿದಷ್ಟು ಜೋಪಾನವಾಗಿ ಬೋರಲು ಹಾಕಿದರು. ಮೇಲಿನ ಟೇಪಿನಲ್ಲಿ ಶುಭಾ ಮನೆಯಲ್ಲಿ ಕೊಯ್ದದ್ದು ಬಿಟ್ಟರೆ ಬೇರೆ ಗುರುತಿರಲಿಲ್ಲ. ತಳದ್ದನ್ನು ಯಾರೋ ಕೊಯ್ದು ಮತ್ತೆ ಅಂಟಿಸಿದ್ದರು. ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿದಾಗ 4 ಕೆ.ಜಿ. 380 ಗ್ರಾಂ. ರಸೀದಿಯಲ್ಲೂ ಅಷ್ಟೇ.

"ಬೀದೀಲಿ ಕದ್ದೋನು ಗ್ರಾಂ ಲೆಕ್ಕ ಹಾಕ್ಕೊಂಡು ಕೂರ್ತಾನಾ ಮೇಡಂ? ತಕ್ಕಡಿ ಇರೋ ಕಡೆನೇ ಆಗಿದೆ ಇದು."

ಮೈಸೂರಿನ ರಿಪೇರಿ ಕೇಂದ್ರದ ತಂತ್ರಜ್ಞೆ ರಮ್ಯ ಫೋನಿನಲ್ಲಿ ಸಿಕ್ಕರು. ಮೊದಲು ಅತ್ತರು, ಆಮೇಲೆ ಸಿಟ್ಟಾದರು.

"ಒಂದರೊಳಗೊಂದು ಎರಡು ಪೆಟ್ಟಿಗೆ ಮೇಡಂ. ಸುತ್ತ ಎರಡಿಂಚು ಫೋಮ್. ಅಲ್ಲಾಡಿಸಿದ್ರೆ ಸದ್ದು ಬರ್ಬಾರ್ದು, ಅಲ್ಲೀವರೆಗೂ ನಾನು ಟೇಪ್ ಹಾಕಲ್ಲ. ಹೊರಗಡೆ ಶಾಕ್ ಸ್ಟಿಕರ್ ಹಾಕಿದೀನಿ. ಜೋರಾಗಿ ಪೆಟ್ಟು ಬಿದ್ರೆ ಬಿಳಿ ಇರೋದು ಕೆಂಪಾಗುತ್ತೆ. ಅದರ ನಂಬರ್ ಫೋಟೋ ತೆಗೆದಿಟ್ಟಿದೀನಿ. 4471."

ಪೆಟ್ಟಿಗೆಯ ಮೇಲಿದ್ದ ಸ್ಟಿಕರ್ ಬೆಳ್ಳಗಿತ್ತು. ನಂಬರ್ 9026.

ಕದಿಯುವವನಿಗೆ ಸ್ಟಿಕರಿನ ಗೊಡವೆ ಯಾಕೆ? ಶೋಭಾರಾಣಿ ಜೀಪಿನಲ್ಲಿ ಕೂತು ಇದನ್ನೇ ಯೋಚಿಸಿದರು. ಬದಲಾಯಿಸಿದ್ದಾನೆ ಎಂದರೆ ಹಳೆಯದು ಕೆಂಪಾಗಿರಬೇಕು. ಕೆಂಪಿಗೆ ಹೆದರುವವನು ಹೊರಗಿನವನಲ್ಲ.

11.30. ಕೆಂಗೇರಿಯ ಆಚೆ, ಮೈಸೂರು ರಸ್ತೆಯ ಪಾರ್ಸೆಲ್ ಗೋದಾಮು. ಮ್ಯಾನೇಜರ್ ನಾಗರಾಜು ಮಾತಿಗೆ ಮುಂಚೆಯೇ ಕೈ ತೊಳೆದುಕೊಂಡರು.

"ಪೆಟ್ಟಿಗೆಗೆ ಪೆಟ್ಟಾಗಿಲ್ಲ, ತೂಕ ಸರಿ ಇದೆ, ಸ್ಟಿಕರ್ ಬಿಳಿ ಇದೆ. ಅಂದ್ರೆ ಮೈಸೂರಲ್ಲೇ ಟೈಲ್ಸ್ ತುಂಬಿದಾರೆ. ಒಡೆದ್ರೆ ಮಾತ್ರ ನಮ್ಮ ತಲೆಗೆ ಬರುತ್ತೆ ಮೇಡಂ. ಬದಲಾದ್ರೆ ಕಳಿಸಿದೋರ ತಲೆಗೆ."

"ಇದು ನಿಮ್ಮ ಕೆಲಸದವರಿಗೆಲ್ಲಾ ಗೊತ್ತಾ?"

"ಗೊತ್ತಿಲ್ದೆ ಏನು?"

ಶಿವಯೋಗಿಯವರು ಶೌಚಾಲಯಕ್ಕೆ ಹೋಗಿ ಬಂದರು. ಬರುವಾಗ ಅವರ ಕೈಯಲ್ಲಿ ನೀಲಿ ಅಂಚಿನ ಟೈಲ್ಸ್ ಚೂರು. ಅಲ್ಲಿ ಹೊಸದಾಗಿ ಟೈಲ್ಸ್ ಹಾಕಿಸಿದ್ದರು. ಉಳಿದ ಚೂರುಗಳ ರಾಶಿ ಗೋಡೆಯ ಹಿಂದೆ ಬಿದ್ದಿತ್ತು. ಪೆಟ್ಟಿಗೆಯೊಳಗಿನದೂ ನೀಲಿ ಅಂಚಿನದೇ. ನಾಗರಾಜುವಿನ ಮುಖ ಇಳಿಯಿತು.

ಕಂಪ್ಯೂಟರಿನಲ್ಲಿ 9026 ಹುಡುಕಿದಾಗ, ಆರ್‌ಪಿಸಿ ಲೇಔಟಿನ ಫೋಟೋ ಸ್ಟುಡಿಯೋಗೆ ಹೋದ ಕ್ಯಾಮೆರಾ ಪಾರ್ಸೆಲ್ಲಿನ ಸ್ಟಿಕರ್ ಅದು ಎಂದು ತಿಳಿಯಿತು. ಬುಧವಾರ ಬೆಳಗ್ಗೆ ಒಂದೇ ಲಾರಿಯಿಂದ ಇಳಿದ ಮಾಲು. 5.52ಕ್ಕೆ ಮೆಷಿನ್ನಿನ ಪೆಟ್ಟಿಗೆ, 5.53ಕ್ಕೆ ಕ್ಯಾಮೆರಾದ ಪೆಟ್ಟಿಗೆ ಸ್ಕ್ಯಾನ್ ಆಗಿದ್ದವು. ಎರಡೂ ಕೊಟ್ರೇಶ್ ಎಂಬುವವನ ಐಡಿಯಲ್ಲಿ.

ಶಿವಯೋಗಿಯವರನ್ನು ಸ್ಟುಡಿಯೋಗೆ ಕಳಿಸಿದರು. 1.50ಕ್ಕೆ ಫೋನ್ ಬಂತು. "ಡಬ್ಬ ಇನ್ನೂ ಇಲ್ಲೇ ಇದೆ ಮೇಡಂ. ಸ್ಟಿಕರ್ ಕಿತ್ತಿರೋ ಜಾಗದಲ್ಲಿ ರಟ್ಟು ಸಿಪ್ಪೆ ಎದ್ದಿದೆ."

ಕೊಟ್ರೇಶನಿಗೆ ಅಂದು ರಜೆ. ಗೋದಾಮಿನಲ್ಲಿದ್ದ ವಿಳಾಸಕ್ಕೆ ಹೋದರೆ ಮನೆ ಖಾಲಿ ಮಾಡಿ ಆರು ತಿಂಗಳಾಗಿತ್ತು. ಫೋನ್ ಸ್ವಿಚ್ ಆಫ್. ಮೂರು ಗಂಟೆಗೆ ಶುಭಾ ಕರೆ ಮಾಡಿ ಏನಾದರೂ ಗೊತ್ತಾಯಿತೇ ಎಂದು ಕೇಳಿದರು. "ಹುಡುಕ್ತಾ ಇದೀವಿ" ಎಂದಷ್ಟೇ ಶೋಭಾರಾಣಿ ಹೇಳಿದರು.

ಹೊಸ ವಿಳಾಸ ಸಿಕ್ಕಿದ್ದು ಗೋದಾಮಿನ ಕ್ಯಾಂಟೀನಿನಲ್ಲಿ, ಅವನ ಜೊತೆ ದಿನಾ ಊಟಕ್ಕೆ ಕೂರುತ್ತಿದ್ದವನಿಂದ. ಸಂಜೆ 4.50ಕ್ಕೆ ಕೆಂಗೇರಿ ಹತ್ತಿರದ ಉಲ್ಲಾಳದ ಒಂದು ವಠಾರದಲ್ಲಿ ಕೊಟ್ರೇಶನೇ ಬಾಗಿಲು ತೆಗೆದ. ಮೂವತ್ತರ ಆಸುಪಾಸು. ಹಿಂದೆ ತುಂಬು ಗರ್ಭಿಣಿ ಹೆಂಡತಿ. ಶೋಭಾರಾಣಿ ಅಕ್ಕಪಕ್ಕದ ಇಬ್ಬರನ್ನು ಪಂಚ ಸಾಕ್ಷಿಗಳನ್ನಾಗಿ ಕರೆದರು.

"ಎಲ್ಲಿ?"

ಅವನು ಮಂಚದ ಕೆಳಗೆ ತೋರಿಸಿದ. ಜಮಖಾನದಲ್ಲಿ ಮೂರು ಸುತ್ತು ಸುತ್ತಿಟ್ಟಿದ್ದ ಮೆಷಿನ್.

"ಯಾಕೆ ತಗೊಂಡೆ?"

"ಮಾರಕ್ಕಲ್ಲ ಮೇಡಂ. ಲಾರಿಯಿಂದ ಇಳಿಸೋವಾಗ್ಲೇ ಸ್ಟಿಕರ್ ಕೆಂಪಾಗಿತ್ತು. ನಾನು ಬೀಳಿಸಿಲ್ಲ, ಆದ್ರೆ ಮೊದ್ಲು ಸ್ಕ್ಯಾನ್ ಮಾಡಿದೋನ ಹೆಸರಿಗೇ ಬರೀತಾರೆ. ಆಗಲೇ ಎರಡು ಕೆಂಪು ಬಂದಿತ್ತು. ಮೂರಾದ್ರೆ ಮನೆಗೆ ಕಳಿಸ್ತಾರೆ. ಕೆಲಸ ಹೋದ್ರೆ ಇಎಸ್‌ಐ ಕಾರ್ಡೂ ಹೋಗುತ್ತೆ. ಇವಳಿಗೆ ಮುಂದಿನ ತಿಂಗಳು ಹೆರಿಗೆ."

"ಸ್ಟಿಕರ್ ಬದಲಾಯಿಸಿದ್ರೆ ಸಾಕಿತ್ತಲ್ಲ. ಮೆಷಿನ್ ಯಾಕೆ?"

"ಸರಿ ಇದ್ಯಾ ಅಂತ ನೋಡೋಣ ಅಂತ ತಳ ಬಿಚ್ಚಿದೆ. ಒಳಗಡೆ ಮುರಿದು ಹೋಗಿತ್ತು ಮೇಡಂ. ಒಡೆದಿದ್ದು ಅವರ ಕೈಗೆ ಸಿಕ್ಕಿದ್ರೆ ನನ್ನ ಕತೆ ಮುಗೀತು ಅನ್ನಿಸ್ತು. ಟೈಲ್ಸ್ ಸಿಕ್ಕಿದ್ರೆ ಮೈಸೂರಿನೋರ ಮೇಲೆ ಹೋಗುತ್ತೆ ಅಂತ..."

ಮೆಷಿನ್ನಿನ ಬದಿಗಿದ್ದ, ಗಾಳಿಗೆ ತೇವ ಕೊಡುವ ನೀರಿನ ಡಬ್ಬಿಯನ್ನು ಅವನು ತೋರಿಸಿದ. ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ರೆಕ್ಕೆ ಮುರಿದ ಪುಟ್ಟ ಫ್ಯಾನು. ಅಲುಗಾಡದಿರಲಿ ಎಂದು ರಮ್ಯ ಬಿಚ್ಚಿ ತೆಗೆದ ಹಳೆಯದನ್ನು ಆ ಡಬ್ಬಿಯಲ್ಲೇ ಇಟ್ಟು ಹತ್ತಿ ತುರುಕಿದ್ದರು.

ಶೋಭಾರಾಣಿ ಅಡಾಪ್ಟರ್ ಸಿಕ್ಕಿಸಿ ಗುಂಡಿ ಒತ್ತಿದರು. ಸಣ್ಣ ಬೀಪ್. ಹಸಿರು ದೀಪ. ಮೆಷಿನ್ ಉಸಿರೆಳೆಯಿತು, ಬಿಟ್ಟಿತು. ಆ ಇಕ್ಕಟ್ಟಿನ ಕೋಣೆಯಲ್ಲಿ ಎಲ್ಲರೂ ಅದನ್ನೇ ಕೇಳಿದರು. ಕೊಟ್ರೇಶ್ ಬಗ್ಗಿ ಮುರಿದ ಫ್ಯಾನನ್ನೊಮ್ಮೆ, ಹಸಿರು ದೀಪವನ್ನೊಮ್ಮೆ ನೋಡಿದ.

"ಒಂದು ಸಲ ಸ್ವಿಚ್ ಹಾಕಿ ನೋಡ್ಬಾರ್ದಿತ್ತೇನೋ?"

"ಹೆದರಿಕೆ ಆಯ್ತು ಮೇಡಂ."

5.25ಕ್ಕೆ ಪಂಚನಾಮೆ ಮುಗಿಯಿತು. ಬಂಧನದ ಕಾರಣಗಳನ್ನು ಬರೆದು ಅವನ ಕೈಗೆ ಕೊಟ್ಟರು, ಹೆಂಡತಿಗೂ ಓದಿ ಹೇಳಿದರು. ಜಪ್ತಿಯಾದ ಮಾಲನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಬಿಡುವಂತಿಲ್ಲ. ಶೋಭಾರಾಣಿ ಫೋಟೋಗಳೊಂದಿಗೆ ಮ್ಯಾಜಿಸ್ಟ್ರೇಟರ ಮನೆಗೇ ಹೋದರು. 7.05ಕ್ಕೆ ಮಧ್ಯಂತರ ಆದೇಶ ಸಿಕ್ಕಿತು.

7.40, ಶುಭಾ ಅವರ ಮನೆ. ಸುಘೋಷ್ ಅವರ ಮುಖಕ್ಕೆ ಮಾಸ್ಕ್ ಹೊಂದಿಸಿ ನೋಡಿದ ಮೇಲೆ ಶುಭಾ ಮಾಲು ಒಪ್ಪಿಸಿಕೊಂಡ ಸುಪರ್ದಿ ಪಟ್ಟಿಗೆ ಸಹಿ ಹಾಕಲು ಕೂತರು. ಮೂರನೆಯ ಸಾಲಿನಲ್ಲಿ ಪೆನ್ನು ನಿಂತಿತು: ಮುರಿದ ಹಳೆ ಫ್ಯಾನು, ಒಂದು.

"ಇದನ್ನ ನೋಡಿ ಒಡೆದಿದೆ ಅಂದ್ಕೊಂಡ್ನಾ?"

ಸುಳ್ಳು ಹೇಳಬಹುದಿತ್ತು. ಶೋಭಾರಾಣಿ ಹೇಳಲಿಲ್ಲ. ಹೌದೆಂದು ತಲೆಯಾಡಿಸಿದರು. ಶುಭಾ ಪಟ್ಟಿಯ ಕೆಳಗೆ ಸಹಿ ಹಾಕಿದರು.

ಹಾಸಿಗೆಯಿಂದ ಸುಘೋಷ್ ಮಾಸ್ಕ್ ಸರಿಸುವಂತೆ ಕಣ್ಣಲ್ಲೇ ಸನ್ನೆ ಮಾಡಿದರು. ಎರಡೆರಡು ಪದಕ್ಕೊಮ್ಮೆ ಉಸಿರು ತೆಗೆದುಕೊಂಡು ಕೇಳಿದರು. "ಒಡೆದಿರ್ಲಿಲ್ಲ ಅಂತ... ಅವನಿಗೆ... ಹೇಳಿದ್ರಾ?"

"ಮೆಷಿನ್ ಓಡಿದ್ದನ್ನ ಅವನೇ ಕೇಳಿಸ್ಕೊಂಡ ಸಾರ್."

ಠಾಣೆಗೆ ಬಂದು ಶೋಭಾರಾಣಿ ಕೇಸ್ ಡೈರಿಯ ಕೊನೆಗೆ ಒಂದು ಸಾಲು ಸೇರಿಸಿದರು: ಮೂಲ ಸ್ಟಿಕರ್ ಲಾರಿಯಲ್ಲೇ ಕೆಂಪಾಗಿತ್ತೆಂದು ಆರೋಪಿಯ ಹೇಳಿಕೆ, ಲಾರಿಗೆ ಮಾಲು ತುಂಬಿದವರ ವಿಚಾರಣೆ ಬಾಕಿ ಇದೆ.